ಕುಂಬಾರನಿಲ್ಲದ ಮಡಕೆ



ಕಳೆದ ಮಳೆಗಾಲಕ್ಕೆ ಮೊದಲು ನಾವು ಸುಳ್ಯದ ಕಡೆ ಭಕ್ತರೊಬ್ಬರ ಮನೆಗೆ ಹೋಗಿದ್ದೆವು. ಸಂಪಾಜೆ, ಅರಂತೋಡು ಭಾಗದ ಅಡಿಕೆಗೆ ಹಳದಿ ಎಲೆ ರೋಗ ಬಂದಿರುವುದು ನಿಮಗೆ ತಿಳಿದದ್ದೇ. ಪೂಜೆ ಮುಗಿದ ಮೇಲೆ ಆ ಹಿರಿಯರು, "ಬುದ್ಧಿ, ಇದು ಯಾರ ಶಾಪ? ತೋಟದ ಮೂಲೆಯ ಹುತ್ತ ಕೆಡವಿದ್ದಕ್ಕೆ ಹೀಗಾಯಿತೆ?" ಎಂದು ಕಣ್ಣೀರಿಟ್ಟರು. ಆಗ ನಾವು ಉತ್ತರ ಕೊಡಲಿಲ್ಲ. ಇಂದು ಪುತ್ತೂರಿನ ಈ ಸಭೆಯಲ್ಲಿ ಕೊಡುತ್ತೇವೆ. ಅವರೂ ಮುಂದೆಯೇ ಕುಳಿತಿದ್ದಾರೆ.

ಸಂಸ್ಕೃತ ಪಾಠಶಾಲೆಯಲ್ಲಿ ನಾವು ತರ್ಕ ಓದುವಾಗ ಮಡಕೆಯ ದೃಷ್ಟಾಂತ ಬಂತು. ಮಡಕೆಗೆ ಕುಂಬಾರನಿರುವಂತೆ ಜಗತ್ತಿಗೂ ಒಬ್ಬ ಕರ್ತೃ. ಬಹುಕಾಲ ಅದನ್ನೇ ಬೋಧಿಸಿದೆವು. ಆದರೆ ಹುತ್ತವನ್ನು ನೋಡಿ. ಕಡಬ ತಾಲೂಕಿನ ಸುಬ್ರಹ್ಮಣ್ಯದಲ್ಲಿ ಅದರ ಮಣ್ಣೇ ಪ್ರಸಾದ. ಗೆದ್ದಲಿಗೆ ನಕ್ಷೆಯಿಲ್ಲ, ಮೇಸ್ತ್ರಿಯಿಲ್ಲ. ರಾಣಿ ಮೊಟ್ಟೆಯಿಡುತ್ತದೆಯೇ ಹೊರತು ಅಪ್ಪಣೆ ಕೊಡುವುದಿಲ್ಲ. ಒಂದು ಹುಳು ಜೊಲ್ಲು ಬೆರೆಸಿದ ಮಣ್ಣಿನ ಉಂಡೆ ಇಟ್ಟರೆ, ಅದರಿಂದಲೇ ಪ್ರೇರಿತವಾಗಿ ಇನ್ನೊಂದು ಅಲ್ಲಿಗೇ ತನ್ನ ಉಂಡೆ ತರುತ್ತದೆ. ಫ್ರಾನ್ಸಿನ ಗ್ರಾಸೆ ಎಂಬ ವಿದ್ವಾಂಸರು 1959ರಲ್ಲಿ ಇದನ್ನು ವಿವರಿಸಿದರು. ಹೀಗೆ ಗೋಡೆ ಏಳುತ್ತದೆ, ಒಳಗೆ ಅಣಬೆಯ ತೋಟವೂ ಆಗುತ್ತದೆ. ಮಳೆ ಬಿದ್ದಾಗ ಹುತ್ತದಲ್ಲಿ ಏಳುವ ಅಣಬೆ ಆ ಬೇಸಾಯದ್ದೇ. ಗೆದ್ದಲು ಅದನ್ನು ಹಿಡಿದು ಸುಮಾರು 3 ಕೋಟಿ ವರ್ಷವಾಯಿತಂತೆ. ನಮ್ಮ ಅಡಿಕೆ ಕೃಷಿ ನಿನ್ನೆ ಮೊನ್ನೆಯದು! 1859ರಲ್ಲಿ ಡಾರ್ವಿನ್ ಹೇಳಿದಂತೆ, ಸಣ್ಣ ಸಣ್ಣ ವ್ಯತ್ಯಾಸಗಳಲ್ಲಿ ಬಾಳಿಗೆ ಒದಗಿದ್ದು ಸಂತತಿಯಲ್ಲಿ ಉಳಿಯುತ್ತ ಬಂತು.

ಹಾಗಾದರೆ ಶಿವನೆಲ್ಲಿ? ಹೊರಗೆ ನಿಂತು ಮಡಕೆ ತಟ್ಟುವವನೆಂದು ಅವನನ್ನು ಕಲ್ಪಿಸಿದ್ದು ನಮ್ಮ ತಪ್ಪು. ಮುಂಡಕೋಪನಿಷತ್ತಿನಲ್ಲಿ ಜೇಡದ ದೃಷ್ಟಾಂತವಿದೆ. ಅದು ತನ್ನೊಳಗಿಂದಲೇ ನೂಲು ತೆಗೆಯುತ್ತದೆ. ಈಗ ನಮಗೆ ಅದೇ ಹತ್ತಿರವೆನಿಸುತ್ತದೆ. ವಿಜ್ಞಾನ ಇದನ್ನು ಸಿದ್ಧಮಾಡಿತು ಎಂದು ಮಾತ್ರ ನಾವು ಹೇಳೆವು.

ಇನ್ನು ಶಾಪದ ಮಾತು. ಈ ರೋಗ ಕೇರಳದಲ್ಲಿ 1914ರಲ್ಲೇ ಕಂಡಿತ್ತು; ಆಗ ಈ ಹಿರಿಯರು ಹುಟ್ಟಿರಲೇ ಇಲ್ಲ. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯನ್ನು ರಸ ಹೀರುವ ಜಿಗಿಹುಳು ಮರದಿಂದ ಮರಕ್ಕೆ ಒಯ್ಯುತ್ತದೆ. ಅದಕ್ಕೆ ನಿಮ್ಮ ಮೇಲೆ ಹಗೆಯಿಲ್ಲ. ತೋಟಕ್ಕೆ ತೋಟ ತಾಗಿ ಒಂದೇ ಬೆಳೆಯಿದ್ದರೆ ಅದರ ದಾರಿ ಸಲೀಸು, ಅಷ್ಟೆ. ಗುಣಪಡಿಸುವ ಔಷಧ ಇನ್ನೂ ಸಿಕ್ಕಿಲ್ಲ. ಆದರೆ ಹಳದಿಯಾದ ತೋಟಗಳ ನಡುವೆ ಕೆಲವು ಮರ ಹಸಿರಾಗಿಯೇ ನಿಲ್ಲುತ್ತವೆ. ವಿಜ್ಞಾನಿಗಳು ಹುಡುಕುವುದು ಅಂಥವನ್ನೇ, ಅವುಗಳಿಂದ ಸಸಿ ಎಬ್ಬಿಸಲು.

ಯಜಮಾನರೆ, ನಿಮ್ಮ ತೋಟದಲ್ಲಿ ಅಂಥ ಏಳು ಮರಗಳನ್ನು ನಾವೇ ಎಣಿಸಿದ್ದೇವೆ. ಎಲ್ಲ ಕಡಿಸಿ ರಬ್ಬರು ಹಾಕುವ ಮೊದಲು ವಿಟ್ಲದ ಸಂಶೋಧನಾ ಕೇಂದ್ರದವರನ್ನು ಕರೆದು ತೋರಿಸಿರಿ. ದೋಷಶಾಂತಿಗೆಂದು ತೆಗೆದಿಟ್ಟ ಹಣದಿಂದ ಮೊಮ್ಮಗಳ ಶಾಲೆಯ ಶುಲ್ಕ ಕಟ್ಟಿರಿ.