ಊರಿನ ಮಟ್ಟಿಗೆ ಹೊರಗಿನವರು ನಾವೇ
(ನೈರೋಬಿಯಲ್ಲಿ ಕನ್ನಡಿಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಕೀನ್ಯಾದ 2017ರ ಚುನಾವಣೆ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆಗಸ್ಟ್ 8ಕ್ಕೆ ಮತದಾನ ಆಯಿತು. ಸೆಪ್ಟೆಂಬರ್ 1ಕ್ಕೆ ಸುಪ್ರೀಂ ಕೋರ್ಟು ಅಧ್ಯಕ್ಷರ ಆಯ್ಕೆಯನ್ನೇ ರದ್ದು ಮಾಡಿತು. ಆ ಚುನಾವಣೆಯ ಹೊತ್ತಿನಲ್ಲಿ 'ದ ರಿಯಲ್ ರೈಲಾ' ಅನ್ನುವ ಪ್ರಚಾರ ಇಂಟರ್‌ನೆಟ್‌ನಲ್ಲಿ ಹರಿದಾಡಿತು. ರೈಲಾ ಒಡಿಂಗಾ ಗೆದ್ದರೆ ದೇಶಕ್ಕೆ ಹಸಿವು, ಹಿಂಸೆಯೇ ಗತಿ ಎಂದು ಹೆದರಿಸುವ ವಿಡಿಯೋ ಅದರಲ್ಲಿತ್ತು. ಮಾಡಿದವರ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಅದರ ಹಿಂದಿದ್ದದ್ದು ಅಮೆರಿಕದ ಟೆಕ್ಸಸ್‌ನ ಹ್ಯಾರಿಸ್ ಮೀಡಿಯಾ ಎಂದು ಆ ಡಿಸೆಂಬರಿನಲ್ಲಿ ಲಂಡನ್ನಿನ ಪ್ರೈವಸಿ ಇಂಟರ್‌ನ್ಯಾಷನಲ್ ಸಂಸ್ಥೆ ಬಯಲು ಮಾಡಿತು. ಅದೇ ವರ್ಷ ಜರ್ಮನಿಯಲ್ಲಿ ವಲಸಿಗರ ವಿರುದ್ಧ ಕೂಗೆಬ್ಬಿಸುವ ಎಎಫ್‌ಡಿ ಎಂಬ ಕಡು ಬಲಪಂಥೀಯ ಪಕ್ಷಕ್ಕೂ ಇದೇ ಕಂಪನಿ ಪ್ರಚಾರ ಮಾಡಿಕೊಟ್ಟಿತ್ತು. 2018ರ ಮಾರ್ಚಿನಲ್ಲಿ ಬ್ರಿಟನ್ನಿನ ಚಾನೆಲ್ 4 ಗುಟ್ಟಾಗಿ ಚಿತ್ರಿಸಿದ ವಿಡಿಯೋದಲ್ಲಿ ಕೇಂಬ್ರಿಜ್ ಅನಲಿಟಿಕಾದ ಅಧಿಕಾರಿಯೊಬ್ಬ, ಇಲ್ಲಿ ಆಗ ಆಳುತ್ತಿದ್ದ ಪಕ್ಷದ ಪ್ರಣಾಳಿಕೆ, ಭಾಷಣ ಎಲ್ಲ ಬರೆದದ್ದು ತಾವೇ ಎಂದು ಕೊಚ್ಚಿಕೊಂಡ.

ಒಂದು ವಿಷಯ ಗಮನಿಸಿ. ಇಲ್ಲಿನ ಬುಡಕಟ್ಟುಗಳ ನಡುವಿನ ಬಿರುಕನ್ನು ಹುಟ್ಟಿಸಿದ್ದು ಇವರಲ್ಲ. 2007ರ ಚುನಾವಣೆಯ ನಂತರದ ಗಲಭೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ಆ ಹಳೇ ಭಯ ಮನೆಮನೆಯಲ್ಲೂ ಇತ್ತು, ಇವರು ಅದನ್ನು ಕೆದಕಿ ದುಡ್ಡು ಎಣಿಸಿಕೊಂಡರು. ಅಕ್ಕಪಕ್ಕದವರ ಜೊತೆ ಬಾಳಬೇಕಾದ ಕಷ್ಟ ಅವರಿಗಿರಲಿಲ್ಲ.

ನಮ್ಮ ನಾಡಿನ ಕಥೆಯೇನು? 2012ರ ಆಗಸ್ಟಿನಲ್ಲಿ ಹಲ್ಲೆಯ ಗಾಳಿಸುದ್ದಿಯ ಎಸ್ಸೆಮ್ಮೆಸ್ಸುಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದರು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸ್‌ಆಪ್ ಸುದ್ದಿ ನಂಬಿದ ಗುಂಪು ಹೈದರಾಬಾದಿನ ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬನನ್ನು ಹೊಡೆದು ಕೊಂದಿತು. ನಮ್ಮ ಹಾಗೇ ಕೋಡ್ ಬರೆದು ಬದುಕುತ್ತಿದ್ದವನು. ಆ ಸುದ್ದಿಯನ್ನು ಮುಂದೆ ದಾಟಿಸಿದವರು ಯಾರೂ ದುಡ್ಡು ಪಡೆದ ಕಂಪನಿಯವರಲ್ಲ, ನಮ್ಮಂಥ ಸಾಮಾನ್ಯ ಜನ.

ಗೆಳೆಯರೇ, ನೈರೋಬಿಯಲ್ಲಿ ಕೂತು ಊರಿನ ಗುಂಪುಗಳಿಗೆ ಇಂಥವರು ಅಪಾಯ, ಅಂಥವರನ್ನು ಓಡಿಸಿ ಎಂದು ಕಳಿಸುವಾಗ, ಊರಿನ ಮಟ್ಟಿಗೆ ಹೊರಗಿನವರು ನಾವೇ. ಗಲಾಟೆಯಾದರೆ ಕಲ್ಲು ಬೀಳುವುದು ನಮ್ಮ ಅಂಗಡಿಗಲ್ಲ. ಆದರೂ "ಫಾರಿನ್‌ನಲ್ಲಿರೋ ಇಂಜಿನಿಯರ್ ಕಳಿಸಿದ್ದು" ಅಂದರೆ ಊರಲ್ಲಿ ಅದಕ್ಕೆ ತೂಕ ಜಾಸ್ತಿ. ಆ ತೂಕಕ್ಕೆ ತಕ್ಕ ಹೊಣೆಯೂ ನಮ್ಮದಲ್ಲವೇ?

ಹಾಗಾಗಿ ಒಂದೇ ಕೋರಿಕೆ. ಎಲ್ಲಿ, ಯಾವಾಗ, ಹೇಳಿದವರು ಯಾರು ಎಂದು ಗೊತ್ತಿಲ್ಲದ್ದನ್ನು ಮುಂದೆ ಕಳಿಸಬೇಡಿ. ಕನ್ನಡದಲ್ಲಿ ಸುಳ್ಳು ಬಂದರೆ ಅದೇ ಗುಂಪಿನಲ್ಲಿ, ಕನ್ನಡದಲ್ಲೇ, ಮರ್ಯಾದೆಯಿಂದಲೇ "ಇದು ಸುಳ್ಳು" ಎಂದು ಬರೆಯಿರಿ. ದೊಡ್ಡಪ್ಪನೋ ಭಾವನೋ ಮುನಿಸಿಕೊಂಡಾರು, ಮುನಿಸಿಕೊಳ್ಳಲಿ. ಕನ್ನಡಿಗರನ್ನು ಕನ್ನಡಿಗರ ಮೇಲೆ ಎತ್ತಿಕಟ್ಟುವ ಮಾತಿಗೆ ಕನ್ನಡ ಬಳಕೆಯಾಗದಂತೆ ಕಾಯುವುದೂ ಕನ್ನಡದ ಕೆಲಸವೇ.

ಸಿರಿಗನ್ನಡಂ ಗೆಲ್ಗೆ.