ಮಗು ಯಾರ ಹತ್ತಿರ ಇರಬೇಕು?



ಗಂಡ ಹೆಂಡತಿ ಬೇರೆಯಾದರೆ ಪಾತ್ರೆ ಹಂಚಿಕೊಳ್ಳಬಹುದು. ಚಿನ್ನ ಇದ್ದರೆ ತೂಗಿ ನೋಡಬಹುದು. ಮಗುವನ್ನು ಹೇಗೆ ಹಂಚುವುದು? ಇವತ್ತು ನಾವು ಮಾತಾಡುವ ವಿಷಯ ಅದು.

ಬಂದರಿನಲ್ಲಿ ಎಲ್ಲ ಧರ್ಮದವರೂ ಇದ್ದೇವೆ. ದಕ್ಕೆಯಲ್ಲಿ ಮೀನಿನ ಕೆಲಸ ಮಾಡುವವರು ಇದ್ದಾರೆ. ಮನೆಯಲ್ಲಿ ಬೀಡಿ ಕಟ್ಟುವವರು ಇದ್ದಾರೆ. ಆದ್ರೆ ಈ ವಿಷಯ ಬಂದಾಗ ನಮ್ಮ ಕಿವಿಗೆ ಬೀಳುವ ಮಾತು ಒಂದೇ: "ಮಗು ಅಪ್ಪನದ್ದು. ಕೋರ್ಟಿಗೆ ಹೋದರೂ ಅವನಿಗೇ ಸಿಗುವುದು. ನಿನ್ನ ಹತ್ತಿರ ದುಡ್ಡು ಎಲ್ಲುಂಟು?" ಈ ಮಾತಿಗೆ ಹೆದರಿ ಎಷ್ಟೋ ಹೆಂಗಸರು ಪೆಟ್ಟು ತಿಂದರೂ ಸುಮ್ಮನಿರುತ್ತಾರೆ. ಕೆಲವರು ಛಾಪಾ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಮಗುವನ್ನು ಬಿಟ್ಟುಕೊಡುತ್ತಾರೆ.

ಇದು ತುಳುನಾಡಿನ ಹಳೆಯ ಕ್ರಮವೂ ಅಲ್ಲ. ಅಳಿಯಸಂತಾನದ ಮನೆಗಳಲ್ಲಿ ಮಗು ತಾಯಿಯ ಕುಟುಂಬಕ್ಕೆ ಸೇರುತ್ತಿತ್ತು. ಹಾಗಂತ ಇವತ್ತಿನ ಕೋರ್ಟು "ಮಗು ಅಮ್ಮನದ್ದು" ಅಂತಲೂ ಹೇಳುವುದಿಲ್ಲ. ಎಲ್ಲಿ ಇದ್ದರೆ ಮಗುವಿಗೆ ಒಳ್ಳೇದು ಅಂತ ನೋಡುತ್ತದೆ. ಮಕ್ಕಳು ಅಪ್ಪ ಅಮ್ಮನ ಸೊತ್ತೂ ಅಲ್ಲ, ಆಟದ ಸಾಮಾನೂ ಅಲ್ಲ ಎಂದು ಸುಪ್ರೀಂ ಕೋರ್ಟು 1973ರಲ್ಲೇ ಹೇಳಿದೆ.

ಮಗುವನ್ನು ತನ್ನ ಹತ್ತಿರ ಇಟ್ಟುಕೊಂಡು ಸಾಕುವುದಕ್ಕೆ ಕೋರ್ಟಿನಲ್ಲಿ 'ಸುಪರ್ದಿ' ಅಂತಾರೆ. ಇದಕ್ಕೆ 1890ನೇ ಇಸವಿಯ ಒಂದು ಕಾಯಿದೆ ಉಂಟು. ಯಾವ ಧರ್ಮದವರೂ ಅದರ ಕೆಳಗೆ ಅರ್ಜಿ ಕೊಡಬಹುದು. ಹಿಂದೂಗಳಿಗೆ 1956ರ ಕಾಯಿದೆಯೂ ಉಂಟು. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಅಂತ ಅದು ಹೇಳುತ್ತದೆ. ಮುಸ್ಲಿಂ ಕಾನೂನಿನಲ್ಲೂ ಸಣ್ಣ ಮಗುವನ್ನು ಸಾಕುವ ಹಕ್ಕು ತಾಯಿಗೆ ಉಂಟು. ಅದಕ್ಕೆ 'ಹಿಜಾನತ್' ಎಂದು ಹೆಸರು. ಒಂದೇ ಸಲಕ್ಕೆ ತಲಾಖ್ ಹೇಳಿ ಬಿಟ್ಟ ಹೆಂಗಸಿಗೆ ಮಕ್ಕಳ ಸುಪರ್ದಿಯ ಹಕ್ಕು ಉಂಟು ಎಂದು 2019ರ ಕಾಯಿದೆ ಬರೆದೇ ಹೇಳಿದೆ. ಕ್ರೈಸ್ತರ ವಿಚ್ಛೇದನ ಕಾಯಿದೆಯಲ್ಲೂ ಮಕ್ಕಳ ಬಗ್ಗೆ ಆದೇಶ ಮಾಡುವ ಅಧಿಕಾರ ಕೋರ್ಟಿಗೆ ಉಂಟು.

ಸರಿ, ಮಗುವಿಗೆ ಎಲ್ಲಿ ಒಳ್ಳೇದು ಅಂತ ನ್ಯಾಯಾಧೀಶರಿಗೆ ಹೇಗೆ ಗೊತ್ತಾಗುವುದು?

ಅವರು ಮಗುವಿನ ಪ್ರಾಯ, ಆರೋಗ್ಯ, ಶಾಲೆ ನೋಡುತ್ತಾರೆ. ಇಷ್ಟು ದಿನ ಸಾಕಿದ್ದು ಯಾರು ಅಂತ ನೋಡುತ್ತಾರೆ. ಜ್ವರ ಬಂದಾಗ ವೆನ್ಲಾಕ್ ಆಸ್ಪತ್ರೆಗೆ ಎತ್ತಿಕೊಂಡು ಓಡಿದ್ದು ಯಾರು? ಶಾಲೆಯಲ್ಲಿ ಹೆತ್ತವರ ಸಭೆ ಅಂದಾಗ ಬಂದದ್ದು ಯಾರು? ಮನೆಯಲ್ಲಿ ಕುಡಿತ, ಹೊಡೆತ ಉಂಟಾ? ಆದುದರಿಂದ ಲಸಿಕೆಯ ಕಾರ್ಡು, ಆಸ್ಪತ್ರೆಯ ಚೀಟಿ, ಶಾಲೆಯ ರಶೀದಿ, ಯಾವುದನ್ನೂ ಬಿಸಾಡಬೇಡಿ. ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಇಡಿ. ಬಾಯಿಯಲ್ಲಿ ಹೇಳಿದ್ದಕ್ಕಿಂತ ಆ ಚೀಟಿಗಳಿಗೆ ಬೆಲೆ ಜಾಸ್ತಿ.

ದುಡ್ಡಿನ ಮಾತಿಗೆ ಬರೋಣ. 2008ರಲ್ಲಿ ಸುಪ್ರೀಂ ಕೋರ್ಟಿಗೆ ಒಂದು ಕೇಸು ಹೋಗಿತ್ತು. ಯಾರ ಹತ್ತಿರ ಹಣ ಹೆಚ್ಚು ಎಂಬುದು ಒಂದು ವಿಷಯ ಮಾತ್ರ, ಅದರಿಂದಲೇ ತೀರ್ಮಾನ ಆಗುವುದಿಲ್ಲ ಎಂದು ಕೋರ್ಟು ಹೇಳಿತು. ಬೀಡಿ ಕಟ್ಟುವ ತಾಯಿಗೆ ಇದು ಧೈರ್ಯ ಕೊಡುವ ಮಾತು. ಆದ್ರೆ ಪೂರ್ತಿ ಕೇಳಿ. ಪ್ರೀತಿ ಒಂದರಿಂದಲೂ ತೀರ್ಮಾನ ಆಗುವುದಿಲ್ಲ ಎಂದು ಅದೇ ಕೋರ್ಟು ಹೇಳಿತು. ನ್ಯಾಯಾಧೀಶರು ಆ ಹುಡುಗನನ್ನು ತಮ್ಮ ಕೋಣೆಗೆ ಕರೆದು ಮಾತಾಡಿಸಿದರು. ಅವನು ಅಮ್ಮನ ಜೊತೆ ಹೋಗಲು ಒಪ್ಪಲಿಲ್ಲ. ಅವನು ಅಪ್ಪನ ಹತ್ತಿರವೇ ಉಳಿದ. ತಾಯಿ ಗೆದ್ದೇ ಗೆಲ್ಲುತ್ತಾಳೆ ಅಂತ ನಾವು ಸುಳ್ಳು ಹೇಳುವುದಿಲ್ಲ.

ತಿಳುವಳಿಕೆ ಬಂದ ಮಗುವಿನ ಇಷ್ಟವನ್ನು ಕೋರ್ಟು ಕೇಳಬಹುದು. ಕೇಳಿದ ಹಾಗೇ ಮಾಡಲೇಬೇಕು ಅಂತ ಇಲ್ಲ. ಮೊಬೈಲು ಕೊಡಿಸಿ ಮಗುವಿನ ಬಾಯಿಯಿಂದ ಮಾತು ಹೇಳಿಸುವವರು ಇರುತ್ತಾರೆ. ನ್ಯಾಯಾಧೀಶರಿಗೆ ಅದು ಗೊತ್ತಾಗುವುದಿಲ್ಲ ಅಂತ ತಿಳಿಯಬೇಡಿ.

ನಮ್ಮ ಕರ್ನಾಟಕದ್ದೇ ಒಂದು ತೀರ್ಪು ಉಂಟು. 2013ರಲ್ಲಿ ಹೈಕೋರ್ಟು ಕೊಟ್ಟದ್ದು. ಮಗು ಜನವರಿಯಿಂದ ಜೂನ್‌ವರೆಗೆ ಅಪ್ಪನ ಹತ್ತಿರ, ಜುಲೈಯಿಂದ ಡಿಸೆಂಬರ್‌ವರೆಗೆ ಅಮ್ಮನ ಹತ್ತಿರ ಇರಬೇಕು. ಇನ್ನೊಬ್ಬರು ಶನಿವಾರ, ಭಾನುವಾರ ನೋಡಬಹುದು, ಫೋನಿನಲ್ಲಿ ಮಾತಾಡಬಹುದು. ಖರ್ಚು ಇಬ್ಬರಿಗೂ ಅರ್ಧ ಅರ್ಧ. ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ. ಆರು ತಿಂಗಳಿಗೊಮ್ಮೆ ಮನೆ ಬದಲಿಸುವುದು ಎಲ್ಲ ಮಕ್ಕಳಿಗೂ ಆಗಿಬರುತ್ತದಾ ಅಂತ ನಮಗೂ ಸಂಶಯ ಉಂಟು. ಆದ್ರೆ ಒಂದು ವಿಷಯ ತಿಳಿಯಿರಿ. ಮಗು ಒಬ್ಬರ ಹತ್ತಿರ ಇದ್ದರೂ ಇನ್ನೊಬ್ಬರಿಗೆ ನೋಡಲು ಕೋರ್ಟು ಸಾಧಾರಣವಾಗಿ ದಿನ ಗೊತ್ತು ಮಾಡುತ್ತದೆ. ಗಂಡನ ಮೇಲಿನ ಸಿಟ್ಟಿನಲ್ಲಿ ಆ ದಿನ ಮಗುವನ್ನು ಅಡಗಿಸಿ ಇಟ್ಟರೆ ಕೇಸು ನಮಗೇ ತಿರುಗಬಹುದು. ಶಾಲೆಯ ಗೇಟಿನಿಂದ ಎಳೆದುಕೊಂಡು ಹೋಗುವುದೂ ಹಾಗೆಯೇ. ಯಾರು ಮಾಡಿದರೂ ಅದು ತಪ್ಪು.

ಮಗು ತಾಯಿಯ ಹತ್ತಿರ ಇದ್ದ ಮಾತ್ರಕ್ಕೆ ತಂದೆಯ ಜವಾಬ್ದಾರಿ ಮುಗಿಯುವುದಿಲ್ಲ. ಖರ್ಚಿಗೆ ಕೇಳುವ ಹಕ್ಕು ಮಗುವಿಗೆ ಉಂಟು. ಅದಕ್ಕೆ ಬೇರೆ ಅರ್ಜಿ ಕೊಡಬಹುದು.

ಜಮಾತಿನಲ್ಲೋ, ಇಗರ್ಜಿಯಲ್ಲೋ, ಊರ ಹಿರಿಯರ ಮುಂದೆಯೋ ರಾಜಿ ಆಗುವುದುಂಟು. ಒಳ್ಳೆಯ ರಾಜಿ ಆದರೆ ಸಂತೋಷ. ಆದ್ರೆ "ಮಗುವಿನ ಮೇಲೆ ನನಗೆ ಹಕ್ಕಿಲ್ಲ" ಅಂತ ಬರೆದ ಕಾಗದ ಮುಂದಿಟ್ಟರೆ ಗಡಿಬಿಡಿ ಮಾಡಬೇಡಿ. ಈಗ ನಮಗೆ ಅಕ್ಷರ ಗೊತ್ತುಂಟು. ಒಂದೊಂದೇ ಸಾಲು ಓದಿ. ಅರ್ಥ ಆಗದಿದ್ದರೆ ಮನೆಗೆ ತರುತ್ತೇನೆ ಅಂತ ಹೇಳಿ. ಮೊದಲೇ ಹೆಬ್ಬೆಟ್ಟು ಒತ್ತಿ ಆಗಿದ್ದರೂ ದಾರಿ ಮುಚ್ಚಿಲ್ಲ. ಅಂಥ ಕಾಗದ ಇದ್ದರೂ ಕೋರ್ಟು ಮಗುವಿನ ಹಿತವನ್ನೇ ನೋಡುತ್ತದೆ. ಕೋರ್ಟಿನ ಆದೇಶ ಕೂಡ ಶಾಶ್ವತ ಅಲ್ಲ. ಮಗು ಬೆಳೆದ ಹಾಗೆ, ಪರಿಸ್ಥಿತಿ ಬದಲಾದ ಹಾಗೆ, ಮತ್ತೆ ಕೇಳಬಹುದು.

ಅರ್ಜಿ ಎಲ್ಲಿ ಕೊಡುವುದು? ಮಗು ಸಾಧಾರಣವಾಗಿ ವಾಸ ಮಾಡುವ ಊರಿನ ಕೌಟುಂಬಿಕ ನ್ಯಾಯಾಲಯದಲ್ಲಿ. ಅದು ಇಲ್ಲದ ಕಡೆ ಜಿಲ್ಲಾ ನ್ಯಾಯಾಲಯದಲ್ಲಿ. ಮನೆಯಲ್ಲಿ ಹಿಂಸೆ ಇದ್ದರೆ 2005ರ ಕಾಯಿದೆಯ ಕೆಳಗೆ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಬಹುದು. ಅವರು ಮಗುವಿನ ತಾತ್ಕಾಲಿಕ ಸುಪರ್ದಿ ಕೊಡಬಹುದು.

ವಕೀಲರಿಗೆ ಕೊಡಲು ಹಣ ಇಲ್ಲ ಅಂತ ಹಿಂದೆ ಸರಿಯಬೇಡಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಹೆಂಗಸರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಹೆಂಗಸರಿಗೆ ಆದಾಯದ ಮಿತಿ ಇಲ್ಲ. ಫೋನ್ ಮಾಡುವುದಾದರೆ ನಂಬರು 15100. ಪುಸ್ತಕದ ಕೊನೆಯ ಪುಟದಲ್ಲಿ ಒಮ್ಮೆ ಬರೆದುಕೊಳ್ಳಿ: ಒಂದು, ಐದು, ಒಂದು, ಸೊನ್ನೆ, ಸೊನ್ನೆ.