ಬಿರುನಡಿಗೆಯ ಆರಂಭ

ಕಲಬುರಗಿಯ ಜಗತ್ ಬಡಾವಣೆಯಿಂದ ಅಪ್ಪನ ಕೆರೆಯವರೆಗೆ ಸಂಜೆ ಹರಟುತ್ತ ಹೋಗಿಬರುವುದನ್ನೇ, ಕುಳಿತು ದುಡಿಯುವ ನಾವು ವ್ಯಾಯಾಮವೆಂದು ಭಾವಿಸಿರುವೆವು. ಅದು ವಿಹಾರ, ವಿಹಾರದಲ್ಲಿ ದೋಷವಿಲ್ಲ, ಆದರೆ ಹೃದಯಕ್ಕೆ ಅದರಿಂದ ದೊರೆಯುವ ಕೆಲಸ ಅಲ್ಪ. ಬಿರುನಡಿಗೆಗೆ ಅಳತೆ ದೂರವಲ್ಲ, ಉಸಿರು: ಮಾತನಾಡಲು ಸಾಧ್ಯವಾಗಬೇಕು, ಹಾಡಲು ಆಗಬಾರದು. ಲೆಕ್ಕ ಬೇಕೆನ್ನುವವರಿಗೆ ನಿಮಿಷಕ್ಕೆ ಸುಮಾರು 100 ಹೆಜ್ಜೆ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಇಂತಹ ಶ್ರಮವನ್ನು ಸೂಚಿಸಿದೆ. ಅಂಜಬೇಕಾದುದಿಲ್ಲ, ಮೊದಲ ವಾರ ದಿನಕ್ಕೆ 10 ನಿಮಿಷ ಸಾಕು, ಬಳಿಕ ಮೆಲ್ಲಮೆಲ್ಲನೆ ಏರಿಸಬಹುದು. ನಮ್ಮೂರಿನ ಬೇಸಗೆ 40 ಡಿಗ್ರಿ ಮೀರುವುದರಿಂದ ಸೂರ್ಯೋದಯಕ್ಕೆ ಮುಂಚೆಯೇ ಹೊರಡುವುದು ಲೇಸು. ಹೃದ್ರೋಗವುಳ್ಳವರೂ ಮಧುಮೇಹಕ್ಕೆ ಔಷಧ ಸೇವಿಸುವವರೂ ಮೊದಲು ವೈದ್ಯರನ್ನು ಕಾಣತಕ್ಕದ್ದು. ನಡೆಯುವಾಗ ಎದೆ ಹಿಡಿದಂತಾದರೆ ಅಲ್ಲಿಯೇ ನಿಲ್ಲಬೇಕು. ಜೊತೆಗಾರರ ಮುಂದೆ ಸಂಕೋಚ ಸಲ್ಲದು.